ಮಹಜರ್ ಮಾಡಿ ತೋರಿಸಿದ ಮೇಲೆ ಸರ್ಟಿಫಿಕೇಟ್ ಕೊಡಿ

ಮೊದಲ ದಿನ ಉದ್ಘಾಟನೆ, ಕೊನೆಯ ದಿನ ಗ್ರೂಪ್ ಫೋಟೊ, ಮಧ್ಯೆ ಸ್ಲೈಡ್‌ಗಳು. ಪೊಲೀಸ್ ಸಿಬ್ಬಂದಿಯ ಮೂರು ದಿನದ ತರಬೇತಿ ಅಂದರೆ ಬಹಳ ಕಡೆ ಇಷ್ಟೇ. ಹಾಸನದ ಕಡೆ ಇಂಥದ್ದೊಂದು ಕೋರ್ಸ್‌ನಲ್ಲಿ ಒಬ್ಬರು ಎರಡನೇ ದಿನ ಪೂರ್ತಿ ಹಾಸನಾಂಬೆ ಕ್ಯೂ ಬಂದೋಬಸ್ತ್‌ನಲ್ಲಿದ್ದರು, ಆದರೆ ಹಾಜರಿ ಪುಸ್ತಕದಲ್ಲಿ ಮೂರೂ ದಿನ ಅವರ ಸಹಿ ಇತ್ತು. ಸರ್ಟಿಫಿಕೇಟೂ ಸಿಕ್ಕಿತು. ಅದರಲ್ಲಿ ಹೆಸರು ಬರೆದವನು ನಾನೇ.

ಹಾಗಾಗಿ ದೇವಸ್ಥಾನದ ಬಾಗಿಲು ತೆಗೆಯುವ ದಿನಗಳಲ್ಲಿ ಕೋರ್ಸ್ ಇಡಬೇಡಿ. ಒಂದು ದಿನ ತಪ್ಪಿದವರು ಮುಂದಿನ ಬ್ಯಾಚ್‌ನಲ್ಲಿ ಬಂದು ಆ ದಿನ ಮುಗಿಸಲಿ, ಸುಮ್ನೆ ಸಹಿ ಹಾಕಿಸಬೇಡಿ.

ಆಮೇಲೆ, ಕೋರ್ಸ್ ಮುಗಿದಾಗ ಏನು ಮಾಡಿ ತೋರಿಸಬೇಕು ಅಂತ ಒಂದು ಸಾಲು ಬರೆದಿಡಿ. ‘ಹೊಸ ಕಾನೂನುಗಳ ಅರಿವು’ ಅಂತ ಬರೆದರೆ ಅಳೆಯೋದು ಹೇಗೆ? ‘ವಿಡಿಯೊ ಶುರು ಮಾಡಿ, ಮೊಬೈಲ್ ಜಪ್ತಿ ಮಾಡಿ, ಮಹಜರ್ ಬರೆದು, ಸೀಲ್ ಮಾಡಬೇಕು’ ಅಂತ ಬರೆಯಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಬಿಎನ್‌ಎಸ್‌ಎಸ್‌ನ (ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 105ನೇ ಕಲಂ ಪ್ರಕಾರ ಶೋಧ, ಜಪ್ತಿ ಎರಡನ್ನೂ ವಿಡಿಯೊ ಮಾಡಬೇಕು, ಪಟ್ಟಿ ಬರೆಯೋದು, ಸಾಕ್ಷಿಗಳು ಸಹಿ ಹಾಕೋದು ಕೂಡ ಅದರಲ್ಲಿ ಬರಬೇಕು, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಇದನ್ನು ನಾಲ್ಕು ಉತ್ತರದಲ್ಲಿ ಒಂದು ಆರಿಸಿ ಅಂತ ಕೇಳಿದರೆ ಎಲ್ಲರೂ ಪಾಸ್.

ಪರೀಕ್ಷೆಗೆ ಒಂದು ಖಾಲಿ ಕೋಣೆ ಸಾಕು. ಮೇಜಿನ ಮೇಲೆ ಆನ್ ಆಗಿರುವ ಹಳೇ ಮೊಬೈಲ್, ಡ್ರಾಯರ್‌ನಲ್ಲಿ ಪೆನ್‌ಡ್ರೈವ್, ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಅಡುಗೆಮನೆಯ ಇಬ್ಬರು. ನಲವತ್ತು ನಿಮಿಷ ಕೊಡಿ. ಒಬ್ಬ ಹೆಡ್ ಕಾನ್‌ಸ್ಟೆಬಲ್ ಕಲಂಗಳನ್ನೆಲ್ಲ ಪಟಪಟ ಹೇಳಿದರು. ಕೋಣೆಗೆ ಹೋದವರು ಮೊದಲು ಮೊಬೈಲ್ ಎತ್ತಿಕೊಂಡರು, ಆಮೇಲೆ ವಿಡಿಯೊ ಶುರು ಮಾಡಿದರು, ಪಂಚರು ಸಹಿ ಹಾಕುವಾಗ ಕ್ಯಾಮೆರಾ ಗೋಡೆ ನೋಡುತ್ತಿತ್ತು! ಆ ವಿಡಿಯೊ ಅವರಿಗೇ ತೋರಿಸಿದೆವು. ನಕ್ಕರು. ಮರುದಿನ ಸರಿಯಾಗಿ ಮಾಡಿದರು.

ಅಂಕ ಕೂಡಿಸಿ ಪಾಸ್ ಮಾಡುವ ಪದ್ಧತಿ ಇಲ್ಲಿ ನಡೆಯಲ್ಲ. ವಿಡಿಯೊ ಇಲ್ಲ, ಸೀಲ್ ಇಲ್ಲ, ಹ್ಯಾಶ್ ವ್ಯಾಲ್ಯೂ (ಫೈಲ್ ಬದಲಾದರೆ ಗೊತ್ತಾಗುವಂತೆ ಅದರಿಂದ ತೆಗೆಯುವ ಅಂಕೆ-ಅಕ್ಷರಗಳ ಗುರುತು) ಬರೆದಿಲ್ಲ ಅಂದರೆ ಉಳಿದದ್ದು ಎಷ್ಟೇ ಚೆನ್ನಾಗಿರಲಿ, ಮತ್ತೆ ಮಾಡಬೇಕು. ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ವ್ಯಾಲ್ಯೂಗೆ ಜಾಗವೇ ಇದೆ, ಬಿಟ್ಟರೆ ಕೋರ್ಟಿನಲ್ಲಿ ಕೇಳುತ್ತಾರೆ. ಕೈಬರಹಕ್ಕೆ ಅರ್ಧ ಅಂಕ ಕಳೆದರೆ ಸಾಕು.

ಪಾಠ ಮಾಡಿದವರೇ ಪರೀಕ್ಷೆ ತಗೊಳ್ಳಬಾರದು. ತಮ್ಮ ಶಿಷ್ಯರನ್ನು ಫೇಲ್ ಮಾಡೋಕೆ ಯಾರಿಗೂ ಮನಸ್ಸು ಬರಲ್ಲ, ಅಲ್ವಾ? ಹಾಸನದ ಬ್ಯಾಚ್‌ಗೆ ಚಿಕ್ಕಮಗಳೂರಿನ ಇನ್‌ಸ್ಪೆಕ್ಟರ್ ಬರಲಿ, ಅವರದಕ್ಕೆ ಇಲ್ಲಿಯವರು ಹೋಗಲಿ. ಜೊತೆಗೆ ಒಬ್ಬ ಸರ್ಕಾರಿ ಅಭಿಯೋಜಕರು ಕೂತರೆ ಇನ್ನೂ ಒಳ್ಳೆಯದು. ಆರೋಪಿ ಪರ ವಕೀಲರು ಮಹಜರ್‌ನಲ್ಲಿ ಎಲ್ಲಿ ಹಿಡಿಯುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಸರ್ಟಿಫಿಕೇಟ್‌ನಲ್ಲಿ ಏನು ಮಾಡಿ ತೋರಿಸಿದರು, ಯಾವತ್ತು, ನೋಡಿದವರು ಯಾರು, ಎಲ್ಲಿಯವರೆಗೆ ಮಾನ್ಯ ಅನ್ನೋದು ಇರಲಿ. ನನ್ನ ಪ್ರಕಾರ ಎರಡು ವರ್ಷ ಜಾಸ್ತಿನೇ ಆಯಿತು. ಡಿಜಿಟಲ್ ಸಾಕ್ಷ್ಯಕ್ಕೆ ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಕಲಂ ಬಾಯಿಪಾಠ ಮಾಡಿದ್ದವರು ರಾತ್ರಿ ಕಳೆದು ಬೆಳಗಾಗೋದರಲ್ಲಿ 63 ಕಲಿಯಬೇಕಾಯಿತು.

ಮೂರು ತಿಂಗಳು ಬಿಟ್ಟು ಠಾಣೆಗೆ ಹೋಗಿ, ಅವರು ನಿಜವಾಗಿ ಬರೆದ ಒಂದು ಮಹಜರ್ ತೆಗೆಸಿ, ಪರೀಕ್ಷೆಯ ಅದೇ ಪಟ್ಟಿ ಹಿಡಿದು ನೋಡಿ. ನಾಲ್ಕೈದು ಜನ ಒಂದೇ ತಪ್ಪು ಮಾಡಿದ್ದರೆ ಎಡವಟ್ಟು ಪಾಠದಲ್ಲಿದೆ. ಆ ತಪ್ಪನ್ನು ಬರೆದುಕೊಂಡು ಬಂದು, ಮುಂದಿನ ಬ್ಯಾಚ್‌ನ ಕೋಣೆಯಲ್ಲಿ ಅದನ್ನೇ ಇಡಿ.