ಪಹಣಿ ತೋಟದ್ದು, ಚೀಲ ಯಾರದ್ದು?

ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗದ ಮಂಡಿಗೆ ಒಣ ಅಡಿಕೆ ಸಾಗಿಸುವಾಗ, ಮಾಲು ನನ್ನದೇ ಎಂದು ತೋರಿಸಲು ಜಮೀನಿನ ದಾಖಲೆಯಾದ ಪಹಣಿಯೊಂದೇ ಸಾಕೆಂದು ನಾನೂ ನಂಬಿದ್ದೆ. ನಾಲ್ಕು ವರ್ಷದ ಹಿಂದೆ ಸುಮಾರು ಮೂವತ್ತು ಚೀಲ, ಅಂದರೆ ಇಪ್ಪತ್ತು ಕ್ವಿಂಟಲ್‌ನಷ್ಟು ರಾಶಿ ಇಡಿ ಎಂಬ ಬಗೆಯ ಅಡಿಕೆಯನ್ನು ಬಾಡಿಗೆ ಗಾಡಿಯಲ್ಲಿ ಕಳಿಸಿದಾಗ ದಾರಿಯಲ್ಲಿ ತಪಾಸಣೆಯವರು ತಡೆದರು. ಪಹಣಿ ತೀರಿಕೊಂಡ ತಂದೆಯವರ ಹೆಸರಿನಲ್ಲಿತ್ತು, ಗಾಡಿಯಲ್ಲಿದ್ದವನು ಚಾಲಕ ಮಾತ್ರ. ಎರಡು ರಾತ್ರಿ ಗಾಡಿ ನಿಂತಿತು. ಕಾಯುವ ಬಾಡಿಗೆ, ಓಡಾಟ, ಅಷ್ಟರಲ್ಲಿ ಇಳಿದ ದರ ಎಲ್ಲ ಸೇರಿ ಹನ್ನೆರಡು ಸಾವಿರದಷ್ಟು ಕೈಬಿಟ್ಟಿತು.

ಆಮೇಲೆ ಪೌತಿ ಖಾತೆ ಮಾಡಿಸಿದೆ, ಅಂದರೆ ತಂದೆಯ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಿದೆ. ಹೆಸರು ಮೂವರು ಅಣ್ಣತಮ್ಮಂದಿರದ್ದಾಗಿ ಜಂಟಿಯಾಯಿತು, ತೊಡಕು ಉಳಿಯಿತು. ಪಹಣಿ ತೋಟವನ್ನು ಹೇಳುತ್ತದೆಯೇ ಹೊರತು ಚೀಲವನ್ನಲ್ಲ ಎಂಬುದು ಆಗ ಮನದಟ್ಟಾಯಿತು. ಆದ್ದರಿಂದ ತೋಟದಿಂದ ಚೀಲಕ್ಕೆ, ಚೀಲದಿಂದ ಗಾಡಿಗೆ ಕಾಗದದ ಕೊಂಡಿ ಹಾಕಿದೆ: ಆ ವರ್ಷದ ಬೆಳೆ ಸಮೀಕ್ಷೆಯ ಪ್ರತಿ, ತಮ್ಮಂದಿರಿಬ್ಬರ ಒಪ್ಪಿಗೆ ಪತ್ರ, ಗಾಡಿ ನಂಬರು ಮತ್ತು ದಿನಾಂಕವಿರುವ ತೂಕದ ಚೀಟಿ, ಚಾಲಕನ ಹೆಸರಿಗೆ ಸಾಗಣೆಯ ಪತ್ರ. ಮಾಲಿನ ಬೆಲೆ 50,000 ರೂಪಾಯಿ ದಾಟುವುದರಿಂದ ಇ-ವೇ ಬಿಲ್ಲನ್ನೂ, ಅಂದರೆ ಜಿಎಸ್‌ಟಿ ವ್ಯವಸ್ಥೆಯಲ್ಲಿ ಸರಕು ಸಾಗಣೆಗೆ ಆನ್‌ಲೈನಿನಲ್ಲಿ ತೆಗೆಯುವ ಚೀಟಿಯನ್ನೂ, ಜೊತೆಗಿಟ್ಟೆ. ಜಿಎಸ್‌ಟಿ ನೋಂದಣಿ ಇಲ್ಲದವರೂ ಅದನ್ನು ತೆಗೆಯಬಹುದು. ಪ್ರತಿ ಸಾಗಣೆಗೆ ಎಲ್ಲ ಸೇರಿ ಇನ್ನೂರೈವತ್ತು, ಮುನ್ನೂರು ರೂಪಾಯಿ ಖರ್ಚು.

"ಇಷ್ಟು ಕಾಗದ ಯಾರು ಓದ್ತಾರೆ ಮಾರಾಯ್ರೆ?" ಎಂದು ನಮ್ಮ ದಲಾಲರು ಹೇಳಿದ್ದರು.

ಚೀಲಗಳಿಗೆ ಕ್ಯೂಆರ್ ಚೀಟಿ ಅಂಟಿಸಿಯೂ ನೋಡಿದೆ. ಗೋದಾಮಿನ ತೇವಕ್ಕೆ ಶಾಯಿ ಕಲಸಿ ಮೂರನೇ ವಾರಕ್ಕೆ ಓದಲಾಗಲಿಲ್ಲ. ಈಗ ಹೊಲಿಗೆಯಲ್ಲೇ ನನ್ನದೊಂದು ಗುರುತಿದೆ, ಅದರ ಬಗೆಯನ್ನು ಇಲ್ಲಿ ಬರೆಯಲಾರೆ. ಒಮ್ಮೆ ಅಡಿಕೆಯ ಜೊತೆ ಎರಡು ಚೀಲ ಕಾಳುಮೆಣಸು ಹಾಕಿದಾಗ ಅದು ಸಮೀಕ್ಷೆಯಲ್ಲಿ ದಾಖಲಾಗಿರಲಿಲ್ಲವೆಂದು ಮತ್ತೆ ಪ್ರಶ್ನೆ ಬಂತು. ಮುಂದಿನ ಹಂಗಾಮಿನಲ್ಲಿ ಮೆಣಸನ್ನು ಮಿಶ್ರ ಬೆಳೆಯಾಗಿ ಬರೆಸಿದೆ. ಅಡಿಕೆ ಮರಕ್ಕೆ ಬಳ್ಳಿ ಹಬ್ಬಿಸಿರುವ ಪ್ರತಿಯೊಬ್ಬರೂ ಇದನ್ನು ಮಾಡಿಸಲೇಬೇಕು.

ಕಳೆದ ಹಂಗಾಮಿನಲ್ಲಿ ಒಂಬತ್ತು ಲಕ್ಷಕ್ಕೂ ಮಿಕ್ಕ ಬೆಲೆಯ ಮಾಲನ್ನು ರಾತ್ರಿ ಹನ್ನೊಂದಕ್ಕೆ ತಡೆದರು. ಚಾಲಕ ಕಾಗದಗಳ ಕಟ್ಟನ್ನು ಕೊಟ್ಟ; ಅವರು ತೂಕದ ಚೀಟಿಗೂ ಚೀಲದ ಎಣಿಕೆಗೂ ತಾಳೆ ನೋಡಿ ಕಾಲು ಗಂಟೆಯೊಳಗೆ ಬಿಟ್ಟರು. ಬೆಳಗಿನ ಟೆಂಡರಿಗೆ ಮಾಲು ಮಂಡಿಯಲ್ಲಿತ್ತು. ಆ ವಾರವೇ ದಲಾಲರು ತಮ್ಮ ಬೇರೆ ರೈತರಿಗೆ ಕೊಡಲೆಂದು ನನ್ನ ಒಪ್ಪಿಗೆ ಪತ್ರದ ನಕಲನ್ನು ಕೇಳಿ ಪಡೆದರು.