ಟೂಟ್ಸ್ ಹಿಬ್ಬರ್ಟ್ ದನಿಯ ಬೆನ್ನುಹತ್ತಿ ನಾನು ರೆಗ್ಗೆ ಕಲಿತದ್ದು

ಜಮೈಕಾದ ರೆಗ್ಗೆ ಸಂಗೀತ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಬಾಬ್ ಮಾರ್ಲಿ ಒಬ್ಬರೇ ನೆನಪಾಗುತ್ತಾರೆ. ಅವರ ಮೇಲೆ ನನಗೂ ಅಪಾರ ಗೌರವವಿದೆ. ಆದರೆ ಗಾಯಕಿಯಾಗಿ ನಾನು ಪಾಠ ಹೇಳಿಸಿಕೊಂಡದ್ದು ಫ್ರೆಡರಿಕ್ ನಥಾನಿಯಲ್ ಹಿಬ್ಬರ್ಟ್ ಅವರಿಂದ. ಜಗತ್ತು ಅವರನ್ನು ಟೂಟ್ಸ್ ಎಂದು ಕರೆಯಿತು. ‘ಮೇಟಲ್ಸ್’ ತಂಡದ ಮುಂಗಾಯಕ. ಅವರನ್ನು ಎದುರಿಗೆ ನೋಡಿದವಳಲ್ಲ ನಾನು, ಧ್ವನಿಮುದ್ರಿಕೆಗಳೇ ಗುರು.

ಮೈಸೂರಿನಲ್ಲಿ ಕಾಲೇಜು ಮುಗಿಯುವವರೆಗೂ ಕರ್ನಾಟಕ ಸಂಗೀತ ಕಲಿತೆ. ಕೆಲಸಕ್ಕೆಂದು ಲಂಡನ್ನಿಗೆ ಬಂದ ಮೇಲೆ, ಜಮೈಕಾ ಮೂಲದವರು ಹೆಚ್ಚಾಗಿರುವ ದಕ್ಷಿಣ ಲಂಡನ್ನಿನಲ್ಲಿ, ಹಳೆಯ ಜಮೈಕನ್ ಹಾಡುಗಳನ್ನು ನುಡಿಸುವ ಪುಟ್ಟ ತಂಡವೊಂದಕ್ಕೆ ಸೇರಿಕೊಂಡೆ. ಮೊದಲು ಹಿಮ್ಮೇಳದಲ್ಲಿದ್ದೆ, ಈಗ ಮುಂದೆ ನಿಂತು ಹಾಡುತ್ತೇನೆ. ಊರಿಗೆ ಹೋದಾಗಲೆಲ್ಲ ಸಂಗೀತದ ಗೆಳತಿಯರು “ಅದು ಹೆಂಗೆ ಕಲಿತ್ಯೇ? ಒಂದು ಸ್ವಲ್ಪ ಹೇಳು” ಅನ್ನುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ತಾಳದಿಂದ ಶುರುಮಾಡುತ್ತೇನೆ, ನನಗೆ ಅತಿ ಕಷ್ಟವಾದದ್ದು ಅದೇ. ಎಪ್ಪತ್ತರ ದಶಕದ ರೆಗ್ಗೆಯಲ್ಲಿ ‘ಒನ್ ಡ್ರಾಪ್’ ಎಂಬ ನಡೆ ಇದೆ. ನಾಲ್ಕು ಎಣಿಕೆಯಲ್ಲಿ ಮೊದಲನೆಯದನ್ನು ಡ್ರಮ್ ಖಾಲಿ ಬಿಡುತ್ತದೆ, ಮೂರನೆಯದಕ್ಕೆ ಗಟ್ಟಿಯಾಗಿ ಬೀಳುತ್ತದೆ. ಆದಿತಾಳದ ಕೈಯಲ್ಲಿ ಇದನ್ನು ಹಾಕಿ ನೋಡಿ. ನಾಲ್ಕೆಣಿಕೆಯ ಎರಡು ಸುತ್ತು ಸೇರಿ ತಾಳದ ಎಂಟು ಅಕ್ಷರ: ಒಂದು ಘಾತ (ತಟ್ಟು), ಕಿರುಬೆರಳಿನಿಂದ ಮೂರು ಬೆರಳೆಣಿಕೆ, ಆಮೇಲೆ ಘಾತ ಮತ್ತು ಹುಸಿ (ಕೈ ತಿರುವುವುದು) ಸೇರಿದ ಎರಡು ದ್ರುತ. ಮೊದಲ ಘಾತಕ್ಕೆ ಡ್ರಮ್ ಸುಮ್ಮನಿರುತ್ತದೆ. ಏಟು ಬೀಳುವುದು ಉಂಗುರಬೆರಳಿಗೆ, ಮತ್ತೆ ಕೊನೆಯ ದ್ರುತದ ಘಾತಕ್ಕೆ. ಗಿಟಾರಿನ ಚಿಕ್ಕ ಕತ್ತರಿಸಿದ ನಾದ ಬರುವುದು ಕಿರುಬೆರಳಿಗೆ, ನಡುಬೆರಳಿಗೆ, ಎರಡೂ ಹುಸಿಗಳಿಗೆ. ಆರ್ಗನ್ ಇವುಗಳ ನಡುವಿನ ಸಂದುಗಳಲ್ಲಿ ಗುಳುಗುಳು ಎನ್ನುತ್ತಿರುತ್ತದೆ. ಹಾಡಿನ ನಿಜವಾದ ರಾಗ ಇರುವುದು ಬೇಸ್ ಗಿಟಾರಿನಲ್ಲಿ. ಅದು ಹಾಡುಗಾರರಷ್ಟೇ ಮಾತಾಡುತ್ತದೆ, ಅಷ್ಟೇ ಉಸಿರೂ ಬಿಡುತ್ತದೆ.

ಸಮದಲ್ಲಿ, ಅಂದರೆ ತಾಳದ ಮೊದಲ ಎಣಿಕೆಯಲ್ಲಿ, ಮನೆ ಮಾಡಿಕೊಂಡು ಬೆಳೆದವಳಿಗೆ ಆ ಖಾಲಿ ಜಾಗ ದಿಗಿಲು ಹುಟ್ಟಿಸುತ್ತಿತ್ತು. ನಾನು ಬೇರೆ ದಾರಿ ಹಿಡಿಯಲಿಲ್ಲ, ನಮ್ಮ ಎಡುಪಿನ (ತಾಳದಲ್ಲಿ ಸಾಲು ಎತ್ತುವ ಜಾಗದ) ಲೆಕ್ಕವನ್ನೇ ಬಳಸಿಕೊಂಡೆ. ಸಮ ದಾಟಿದ ಮೇಲೆ ಎತ್ತುವ ಕೃತಿಗಳು ನಮಗೇನೂ ಹೊಸವಲ್ಲವಲ್ಲ. ಹಾಗಾಗಿ ಪ್ರತಿ ಸಾಲಿಗೂ ಎಡುಪು ಎಲ್ಲಿದೆ ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳತೊಡಗಿದೆ. ಟೂಟ್ಸ್ ಒಂದೇ ಸಾಲನ್ನು ಮೂರು ಸಲ ಹೇಳಿದರೆ ಮೂರು ಸಲವೂ ಎಡುಪು ಬೇರೆ. ಒಮ್ಮೆ ಏಟಿಗೆ ಮುಂಚೆ, ಒಮ್ಮೆ ಏಟಿನ ಬೆನ್ನಿಗೆ, ಒಮ್ಮೆ ಬ್ಯಾಂಡನ್ನು ಕಾಯಿಸಿ. ಅದು ಗೊತ್ತಾದ ಮೇಲೆ ಹಾಡುಗಳು ತೆರೆದುಕೊಂಡವು. ನಮ್ಮ ಡ್ರಮ್ಮರ್ ಇನ್ನೊಂದು ಉಪಾಯ ಹೇಳಿಕೊಟ್ಟರು: ಕೈಯಲ್ಲಿ ತಾಳ ಹಾಕುವುದನ್ನು ನಿಲ್ಲಿಸಿ, ನಡೆಯುತ್ತ ಹಾಡಿ. ಅಲ್ಲಿಂದಾಚೆಗೆ ನನ್ನ ಅಭ್ಯಾಸವೆಲ್ಲ ಥೇಮ್ಸ್ ದಂಡೆಯ ಕಾಲುದಾರಿಯಲ್ಲೇ ನಡೆಯಿತು.

ಟೂಟ್ಸ್ ಅವರ ಹೆಸರಾಂತ ಹಾಡುಗಳೆಲ್ಲ ಈ ನಿಧಾನದ ಒನ್ ಡ್ರಾಪ್ ಅಲ್ಲ ಎಂಬುದನ್ನೂ ಹೇಳಬೇಕು. 1968ರ ಸುಮಾರಿನ ರೆಗ್ಗೆ ಇನ್ನೂ ಚುರುಕಾಗಿತ್ತು, ಆರ್ಗನ್ ಮುಂದೆ ನುಗ್ಗುತ್ತಿತ್ತು. ಕಲಿಯುವವರು ನಿಧಾನದ್ದನ್ನು ಮೊದಲು ಹಿಡಿದು, ಆಮೇಲೆ ಆ ವೇಗಕ್ಕೆ ಹೋಗುವುದು ಲೇಸು.

ಇಷ್ಟು ಹಿಡಿತಕ್ಕೆ ಬಂದರೂ ನನ್ನ ಹಾಡಿನಲ್ಲಿ ಟೂಟ್ಸ್ ಇರಲಿಲ್ಲ. ಯಾಕೆಂದು ತಿಳಿಯಲು ಅವರ ಬದುಕಿಗೇ ಹೋಗಬೇಕಾಯಿತು.

ಅವರು ಹುಟ್ಟಿದ್ದು 1942ರ ಡಿಸೆಂಬರ್ 8ರಂದು, ಜಮೈಕಾದ ಕ್ಲ್ಯಾರೆಂಡನ್ ಪ್ರಾಂತದ ಮೇ ಪೆನ್ ಊರಿನಲ್ಲಿ. ಮನೆಯವರು ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದವರು, ಉಪದೇಶಕರು. ಹುಡುಗ ಹಾಡು ಕಲಿತದ್ದು ಚರ್ಚಿನಲ್ಲಿ. ಚಿಕ್ಕವಯಸ್ಸಿನಲ್ಲೇ ಹೆತ್ತವರನ್ನು ಕಳೆದುಕೊಂಡು ಕಿಂಗ್‌ಸ್ಟನ್ನಿನ ಟ್ರೆಂಚ್ ಟೌನಿಗೆ ಬಂದರು, ಕ್ಷೌರದಂಗಡಿಯಲ್ಲಿ ಕೆಲಸಕ್ಕೆ ನಿಂತರು. ರಾಲಿ ಗಾರ್ಡನ್ ಮತ್ತು ಜೆರ್ರಿ ಮಥಾಯಸ್ ಜೊತೆಗೂಡಿದ್ದು ಆ ದಿನಗಳಲ್ಲೇ. ಮೂವರು ಸೇರಿ ಮೇಟಲ್ಸ್ ಆಯಿತು. ಅರವತ್ತರ ದಶಕದ ಮೊದಲ ಭಾಗದಲ್ಲಿ ನಿರ್ಮಾಪಕ ಕಾಕ್ಸನ್ ಡಾಡ್ ಅವರ ಸ್ಟುಡಿಯೋ ಒನ್‌ನಲ್ಲಿ ಅವರು ಹಾಡಿದ ಸ್ಕಾ (ರೆಗ್ಗೆಗೆ ಮುಂಚಿನ ಜಮೈಕನ್ ಕುಣಿತದ ಸಂಗೀತ) ಹಾಡುಗಳನ್ನು ಕೇಳಿದರೆ ಕುಣಿಯುವ ತಾಳದ ಮೇಲೆ ಚರ್ಚಿನ ಹಾಡು ಕೂತಿರುವುದು ಗೊತ್ತಾಗುತ್ತದೆ.

ನನಗೆ ಬೇಕಾಗಿದ್ದ ಕೀಲಿ ಅದೇ. ಟೂಟ್ಸ್ ಒಬ್ಬರೇ ಹಾಡುವವರಲ್ಲ. ಅವರ ಪ್ರತಿ ಸಾಲೂ ಯಾರೋ ಉತ್ತರ ಕೊಡುತ್ತಾರೆಂಬ ನಂಬಿಕೆಯಲ್ಲಿ ಹೊರಡುತ್ತದೆ. ನಮ್ಮ ಭಜನೆಯಲ್ಲಿ ಮುಂದೆ ಹೇಳುವವರು, ಹಿಂದೆ ಹೇಳುವವರು ಇರುತ್ತಾರಲ್ಲ, ಮೇಲ್ನೋಟಕ್ಕೆ ಹಾಗೆ. ಆದರೆ ಭಜನೆಯಲ್ಲಿ ಹಿಂದಿನವರು ಅದೇ ಸಾಲನ್ನು ಮರಳಿ ಹೇಳುತ್ತಾರೆ, ಅದೂ ಮುಂದಿನವರು ಮುಗಿಸಿದ ಮೇಲೆ. ಮೇಟಲ್ಸ್‌ನಲ್ಲಿ ಉತ್ತರದ ಮಾತೇ ಬೇರೆ ಇರಬಹುದು, ಮುಂಗಾಯಕನ ಸಾಲು ಮುಗಿಯುವ ಮೊದಲೇ ಅದು ಒಳಗೆ ಬರುತ್ತದೆ. ಆಮೇಲೆ ಟೂಟ್ಸ್ ಆ ಉತ್ತರದ ಮೇಲೆ ಇನ್ನೊಂದು ಕೂಗು ಹಾಕುತ್ತಾರೆ. ಹೀಗೆ ಒಂದರ ಮೇಲೊಂದು ಏರಿ ಹಾಡು ಕಾವೇರುತ್ತದೆ.

ಹಾಗಾಗಿ ನಾನು ಬಹಳ ಕಾಲ ಮುಂಗಾಯನದ ಆಸೆಯನ್ನೇ ಬಿಟ್ಟು ರಾಲಿ ಮತ್ತು ಜೆರ್ರಿ ಅವರ ಸ್ವರಗಳನ್ನಷ್ಟೇ ಕಲಿತೆ. ಇದು ಯಾರಿಗೇ ಆದರೂ ನಾನು ಒತ್ತಿ ಹೇಳುವ ಮಾತು. ಉತ್ತರ ಕೊಡುವವರ ಜಾಗದಲ್ಲಿ ನಿಂತು ಕೇಳಿದಾಗ ಮಾತ್ರ ಮುಂದಿನವರು ಎಲ್ಲಿ ಜಾಗ ಬಿಟ್ಟಿದ್ದಾರೆ, ಎಷ್ಟು ಬಿಟ್ಟಿದ್ದಾರೆ ಎನ್ನುವುದು ಕಾಣುತ್ತದೆ. ನಮ್ಮಲ್ಲಿ ಒಂಟಿ ಗಾಯನಕ್ಕೆ ಒಗ್ಗಿದವರಿಗೆ ಮೂರು ಸ್ವರ ಒಟ್ಟಿಗೆ ನಿಲ್ಲುವುದೂ ಒಂದು ಸಾಧನೆಯೇ. ನಾನು ಮೊಬೈಲಿನಲ್ಲಿ ಷಡ್ಜದ ಶ್ರುತಿ ಇಟ್ಟುಕೊಂಡು ಗಾಂಧಾರವನ್ನು ಗಮಕವಿಲ್ಲದೆ (ಸ್ವರವನ್ನು ತೂಗದೆ), ಅಲುಗಾಡದೆ ಹಿಡಿಯುವುದನ್ನು ರೂಢಿಸಿಕೊಂಡೆ, ಆಮೇಲೆ ಪಂಚಮವನ್ನು. ಗಮಕ ಇಲ್ಲಿ ಬೇಡವೆಂದಲ್ಲ, ಮುಂಗಾಯಕನಿಗೆ ಅದು ಬೇಕೇ ಬೇಕು. ಹಿಮ್ಮೇಳ ಅಲುಗಿದರೆ ಮಾತ್ರ ಅವನಿಗೆ ಕಾಲೂರಲು ನೆಲ ಇರುವುದಿಲ್ಲ.

1966ರಲ್ಲಿ ಜಮೈಕಾದ ಸ್ವಾತಂತ್ರ್ಯೋತ್ಸವದ ಜನಪ್ರಿಯ ಗೀತೆ ಸ್ಪರ್ಧೆ ಮೊದಲ ಬಾರಿಗೆ ನಡೆದಾಗ ಮೇಟಲ್ಸ್ ಗೆದ್ದಿತು, ‘ಬ್ಯಾಮ್ ಬ್ಯಾಮ್’ ಹಾಡಿಗೆ. ಹೆಸರು ಏರುತ್ತಿದ್ದ ಹೊತ್ತಿನಲ್ಲೇ ಗಾಂಜಾ ಆರೋಪದ ಮೇಲೆ ಟೂಟ್ಸ್ ಜೈಲು ಸೇರಿದರು. ತಾನು ನಿರಪರಾಧಿ ಎಂದೇ ಅವರು ಮುಂದೆಯೂ ಹೇಳಿದರು. ಹೊರಬಂದ ಮೇಲೆ ನಿರ್ಮಾಪಕ ಲೆಸ್ಲಿ ಕಾಂಗ್ ಅವರಿಗಾಗಿ 1968ರಲ್ಲಿ ಹಾಡಿದ ‘54-46’ ಆ ಜೈಲುವಾಸದ ಹಾಡು. ಕೈದಿಯ ನಂಬರೇ ಅದರ ಪಲ್ಲವಿ. ಅದೇ ವರ್ಷ ಬಂದ ಅವರ ‘ಡು ದ ರೆಗ್ಗೆ’ ಹಾಡಿನಿಂದ ಈ ಸಂಗೀತಕ್ಕೆ ಹೆಸರೂ ನಿಂತಿತು.

‘54-46’ ನಮ್ಮ ತಂಡದಲ್ಲಿ ನಾನು ಮೊದಲು ಮುಂದೆ ನಿಂತು ಹಾಡಿದ ಹಾಡು. ಸ್ವರಸಂಯೋಜನೆ ನೋಡಿದರೆ ಬಹಳ ಸರಳ, ಹಾಡಲು ಹೋದರೆ ಅಡಗಲು ಎಲ್ಲೂ ಜಾಗವಿಲ್ಲ. ನಡುವೆ ಗಾಯಕ ಬ್ಯಾಂಡಿಗೆ ಆಜ್ಞೆ ಮಾಡುತ್ತಾನೆ: ಒಂದು ಎಂದರೆ ಎಲ್ಲರೂ ಸೇರಿ ಒಂದು ಏಟು, ಎರಡು ಎಂದರೆ ಎರಡು. ಕೇಳುವವರು ಮೈಮರೆತು ಜೊತೆಗೂಡುವ ಜಾಗ ಅದು. ಜೈಲಿನ ನೋವನ್ನು ಹೇಳುವ ಹಾಡಿನಲ್ಲಿ ಇಷ್ಟು ಸಂತೋಷ ಯಾಕಿದೆ ಎಂದು ನಾನು ಬಹಳ ಯೋಚಿಸಿದ್ದೇನೆ. ನನಗನ್ನಿಸುವುದು ಇಷ್ಟು: ಅಲ್ಲಿ ಆಜ್ಞೆ ಮಾಡುವವನು ಜೈಲರ್ ಅಲ್ಲ, ಕೈದಿ. ಎಣಿಕೆ ಈಗ ಅವನ ಬಾಯಲ್ಲಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಡಿದಾಗ ದನಿ ತಾನಾಗಿ ನೆಟ್ಟಗಾಗುತ್ತದೆ, ಅಳುಬುರುಕ ಭಾವ ಹತ್ತಿರ ಸುಳಿಯುವುದಿಲ್ಲ.

ಇನ್ನು ಕಂಠದ ವಿಷಯ. ಟೂಟ್ಸ್ ದನಿಯಲ್ಲಿ ಒಂದು ಬಿರುಸು ಇದೆ, ಕರಕರ ಎನ್ನುವ ಅಂಚು. ಅಮೆರಿಕದ ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ ಜೊತೆ ಅವರನ್ನು ಹೋಲಿಸದವರಿಲ್ಲ. ಕಪ್ಪು ಅಮೆರಿಕನ್ನರ ಚರ್ಚಿನ ಹಾಡಿನಿಂದ ಬೆಳೆದ ಆ ಸೋಲ್ ಸಂಗೀತ ಅವರಿಗೆ ಎಷ್ಟು ಹತ್ತಿರವೆಂದರೆ 1976ರ ಒಂದು ಆಲ್ಬಮ್ಮಿಗೆ ‘ರೆಗ್ಗೆ ಗಾಟ್ ಸೋಲ್’ ಎಂದೇ ಹೆಸರಿಟ್ಟರು. 1988ರಲ್ಲಿ ಬಂದ ‘ಟೂಟ್ಸ್ ಇನ್ ಮೆಂಫಿಸ್’ನಲ್ಲಿ ಜಿಮ್ ಡಿಕಿನ್ಸನ್ ನಿರ್ಮಾಣದಲ್ಲಿ, ಸ್ಲೈ ಮತ್ತು ರಾಬಿ ಅವರ ಡ್ರಮ್ ಬೇಸ್ ಮೇಲೆ, ಹಳೆಯ ಸೋಲ್ ಹಾಡುಗಳನ್ನೇ ಹಾಡಿದರು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಠ್ಯ ನನಗೆ ಗೊತ್ತಿಲ್ಲ. ಮೂಲ ಹಾಡು ಒಂದು ಕಿವಿಯಲ್ಲಿ, ಟೂಟ್ಸ್ ಇನ್ನೊಂದು ಕಿವಿಯಲ್ಲಿ ಇಟ್ಟು ಕೇಳಿದರೆ, ಒಂದೇ ಮಾತು ತಾಳದ ಯಾವ ಜಾಗಕ್ಕೆ ಸರಿದಿದೆ ಎನ್ನುವುದು ನೇರವಾಗಿ ಸಿಗುತ್ತದೆ.

ಆ ಬಿರುಸನ್ನು ಗಂಟಲು ಹಿಂಡಿ ತರಲು ಹೋಗಬಾರದು. ಗಂಟಲಿನ ವೈದ್ಯೆಯೊಬ್ಬರನ್ನು ನಾನು ಮೊದಲೇ ಕಂಡು ಕೇಳಿದೆ. ಹೊಟ್ಟೆಯಿಂದ ಬರುವ ಉಸಿರು ಗಟ್ಟಿ ಇರಲಿ, ದವಡೆ ಸಡಿಲ ಇರಲಿ, ನೋವಾದ ಕ್ಷಣ ನಿಲ್ಲಿಸಿ ಎಂದರು. ಮಂದ್ರದಲ್ಲಿ ಅಕಾರ ಸಾಧನೆ ಮಾಡಿದವರಿಗೆ ಆ ಉಸಿರು ಅಷ್ಟಿಷ್ಟು ಕೂಡಿಬಂದಿರುತ್ತದೆ. ನಾನು ಮೊದಲು ಸಾಲನ್ನು ಪೂರ್ತಿ ತಿಳಿಯಾಗಿ ಹಾಡುತ್ತೇನೆ, ಬಿರುಸನ್ನು ಒಂದೇ ಒಂದು ಅಕ್ಷರಕ್ಕೆ ಉಳಿಸಿಕೊಳ್ಳುತ್ತೇನೆ. ಟೂಟ್ಸ್ ಕೂಡ ಹಾಡಿನ ಉದ್ದಕ್ಕೂ ಕೂಗುವುದಿಲ್ಲ, ಗಮನವಿಟ್ಟು ಕೇಳಿ. ಕೂಗಿಗೆ ಮುಂಚೆ ಎಷ್ಟೋ ಹೊತ್ತು ಮೆಲ್ಲಗೆ ಮಾತಾಡುವಂತೆ ಹಾಡಿರುತ್ತಾರೆ, ಗುನುಗಿರುತ್ತಾರೆ, ಅರ್ಥವಿಲ್ಲದ ಅಕ್ಷರಗಳಲ್ಲಿ ತಾಳವನ್ನು ತಡವಿರುತ್ತಾರೆ.

ಲೆಸ್ಲಿ ಕಾಂಗ್ 1971ರಲ್ಲಿ ತೀರಿಕೊಂಡರು. ಮುಂದೆ ಐಲ್ಯಾಂಡ್ ಎಂಬ ಧ್ವನಿಮುದ್ರಿಕೆ ಸಂಸ್ಥೆ, ವಿದೇಶ ಪ್ರವಾಸಗಳು, ಎಂಬತ್ತರ ದಶಕದ ಆರಂಭದಲ್ಲಿ ಮೂವರು ಬೇರೆಬೇರೆಯಾದದ್ದು, 2004ರ ‘ಟ್ರೂ ಲವ್’ ಆಲ್ಬಮ್ಮಿಗೆ ಗ್ರ್ಯಾಮಿ. ಇವೆಲ್ಲ ಎಲ್ಲೆಡೆ ಸಿಗುವ ವಿವರ. ನನ್ನನ್ನು ಅಲ್ಲಾಡಿಸಿದ್ದು 2013ರ ಘಟನೆ. ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್‌ನಲ್ಲಿ ಹಾಡುತ್ತಿದ್ದಾಗ ಪ್ರೇಕ್ಷಕರ ಕಡೆಯಿಂದ ಹುಡುಗನೊಬ್ಬ ಎಸೆದ ವೋಡ್ಕಾ ಬಾಟಲಿ ಅವರ ತಲೆಗೆ ಬಡಿಯಿತು. ಮೂರು ವರ್ಷ ವೇದಿಕೆ ಹತ್ತಲಾಗಲಿಲ್ಲ. ಅಷ್ಟಾದರೂ ಆ ಹುಡುಗನನ್ನು ಜೈಲಿಗೆ ಕಳಿಸಬೇಡಿ ಎಂದು ನ್ಯಾಯಾಧೀಶರಿಗೆ ಪತ್ರ ಬರೆದರು. ಜೈಲು ಏನೆಂದು ಅರಿತ ಮನುಷ್ಯ ಬರೆದ ಪತ್ರ ಅದು. ಅವರ ದನಿಯಲ್ಲಿರುವ ಕರುಣೆ ಹಾಡುವ ಹೊತ್ತಿಗೆ ಹಾಕಿಕೊಂಡ ವೇಷವಲ್ಲ ಎಂದು ನಾನು ನಂಬುವುದು ಇದರಿಂದಲೇ. 2016ರಲ್ಲಿ ಮರಳಿ ಹಾಡಿದರು. 2020ರ ಆಗಸ್ಟಿನಲ್ಲಿ ‘ಗಾಟ್ ಟು ಬಿ ಟಫ್’ ಹೊರಬಂತು. ಅದಾಗಿ ಕೆಲವೇ ದಿನಕ್ಕೆ, ಸೆಪ್ಟೆಂಬರ್ 11ರಂದು, ಕೋವಿಡ್ ಕಾಲದಲ್ಲಿ, ಕಿಂಗ್‌ಸ್ಟನ್ನಿನ ಆಸ್ಪತ್ರೆಯಲ್ಲಿ 77ನೇ ವಯಸ್ಸಿಗೆ ಹೋಗಿಬಿಟ್ಟರು. ಮರುವರ್ಷ ಆ ಆಲ್ಬಮ್ಮಿಗೂ ಗ್ರ್ಯಾಮಿ ಬಂತು.

ಕನ್ನಡದಲ್ಲಿ ಈ ಬಗೆಯ ಹಾಡು ಕಟ್ಟಬಹುದೇ ಎಂದು ಗೆಳತಿಯರು ಕೇಳುತ್ತಾರೆ. ಖಂಡಿತ ಕಟ್ಟಬಹುದು. ಧೈರ್ಯ ಕೊಟ್ಟದ್ದೂ ಟೂಟ್ಸ್ ಅವರೇ. ಅಮೆರಿಕದ ಗಾಯಕ ಜಾನ್ ಡೆನ್ವರ್ ಅವರ ‘ಕಂಟ್ರಿ ರೋಡ್ಸ್’ ಹಾಡನ್ನು ಅವರು ಎತ್ತಿಕೊಂಡಾಗ ವೆಸ್ಟ್ ವರ್ಜೀನಿಯಾ ಇದ್ದ ಜಾಗದಲ್ಲಿ ವೆಸ್ಟ್ ಜಮೈಕಾ ಎಂದು ಹಾಡಿ ತಮ್ಮದೇ ಮಾಡಿಕೊಂಡರು. ನಾನು ಅನುವಾದಕ್ಕೆ ಹೋಗದೆ ಹೊಸ ಸಾಲುಗಳನ್ನೇ ಬರೆದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಲ್ಲ, ಅದು ಈ ತಾಳಕ್ಕೆ ವರವಾಯಿತು. ಮೊದಲ ಎಣಿಕೆಯನ್ನು ಬಿಟ್ಟು ಎರಡನೆಯದಕ್ಕೆ ನಾಮಪದ, ಡ್ರಮ್ ಬೀಳುವ ಮೂರನೆಯದಕ್ಕೆ ಕ್ರಿಯಾಪದದ ಗುರು ಅಕ್ಷರ. ‘ಮಳೆ ನಿಂತಿತು’ ಎಂಬ ಎರಡೇ ಪದ ತೆಗೆದುಕೊಳ್ಳಿ. ‘ಮಳೆ’ ಎರಡು ಲಘು, ಹಗುರಾಗಿ ಬರುತ್ತದೆ. ‘ನಿಂ’ ಮೇಲೆ ಏಟು ಬೀಳುತ್ತದೆ. ‘ಬಸ್ಸು ಹೋಯಿತು’ ಎಂದಾಗಲೂ ಏಟು ‘ಹೋ’ ಮೇಲೆ. ಗ್ರಂಥಸ್ಥ ರೂಪಗಳು ಮಾತ್ರ ಇಲ್ಲಿ ನಡೆಯುವುದಿಲ್ಲ. ‘ಕಾಯುತ್ತಿದ್ದೇನೆ’ ಎಂದರೆ ಸಾಲು ತುಂಬಿ ತುಳುಕುತ್ತದೆ, ‘ಕಾಯ್ತಿದೀನಿ’ ಎಂದರೆ ಉಸಿರಾಡಲು ಜಾಗ ಸಿಗುತ್ತದೆ. ಟೂಟ್ಸ್ ತಮ್ಮ ಊರಿನ ಆಡುಮಾತಿನಲ್ಲೇ ಹಾಡಿದವರು, ನಾವೂ ನಮ್ಮ ಮನೆಮಾತನ್ನು ತಂದರೆ ಆಯಿತು.

ಈಗ ತಂಡದಲ್ಲಿ ಆ ಹಾಡಿನ ಅಭ್ಯಾಸ ನಡೆದಿದೆ. ಹಿಮ್ಮೇಳದ ಇಬ್ಬರಿಗೂ ಕನ್ನಡ ಬಾರದು. ನಾನು ‘ಮಳೆ ನಿಂತಿತು’ ಎಂದಾಗ ಅವರು ‘ಹೊರಡು ಹೊರಡು’ ಎಂದು ಉತ್ತರ ಕೊಡಬೇಕು, ನನ್ನ ‘ತು’ ಮುಗಿಯುವ ಮುಂಚೆಯೇ. ಉಚ್ಚಾರ ಆಗಲೇ ಕೂತಿದೆ. ಒಳಗೆ ಬರುವ ಜಾಗವನ್ನು ಇನ್ನಷ್ಟು ಮುಂಚಿತ ಮಾಡೋಣ ಎಂದು ಬೇಸ್ ನುಡಿಸುವವರು ಹೇಳುತ್ತಿದ್ದಾರೆ. ಅವರ ಮಾತು ಸರಿ ಎಂದು ನನಗೂ ಅನ್ನಿಸುತ್ತಿದೆ.