ಮಾನಸಿಕ ಆರೋಗ್ಯ ಸೇವೆಗೆ ರೆಫರ್ ಮಾಡುವುದನ್ನು ಸುಲಭ ಮಾಡೋದು ಹೇಗೆ?

ಮೊದಲು ಒಂದು ಹಾಳೆ ತಗೊಳ್ಳಿ. ನಿಮ್ಮ ಸೇವೆಗೆ ಒಬ್ಬರು ಬಂದು ಸೇರಬೇಕಾದರೆ ಅದೇ ಕಥೆಯನ್ನು ಎಷ್ಟು ಜನರ ಮುಂದೆ ಹೇಳಬೇಕು ಅಂತ ಬರೆಯಿರಿ. ವೈದ್ಯರಿಗೆ ಒಂದು ಸಲ, ಫೋನ್ ಎತ್ತಿದವರಿಗೆ ಒಂದು ಸಲ, ಫಾರಂನಲ್ಲಿ ಒಂದು ಸಲ, ಮೊದಲ ಭೇಟಿಯಲ್ಲಿ ಮತ್ತೆ ಮೊದಲಿಂದ. ಹಾಸಿಗೆ ಬಿಟ್ಟು ಏಳುವುದೇ ಕಷ್ಟ ಅನ್ನುವ ಸ್ಥಿತಿಯಲ್ಲಿ ಇರುವವರು ಇಷ್ಟೆಲ್ಲ ದಾಟಿ ಬರಬೇಕು ಅಂದರೆ ಹೇಗೆ? ಅರ್ಧ ದಾರಿಯಲ್ಲೇ ಕೈ ಬಿಡುತ್ತಾರೆ. ಆಮೇಲೆ ನಾವು ‘ಬರಲಿಲ್ಲ’ ಅಂತ ಬರೆದು ಫೈಲ್ ಮುಚ್ಚುತ್ತೇವೆ. ಆ ಒಂದು ಪದ ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಬಾಗಿಲು ಒಂದೇ ಇರಲಿ. ಒಂದು ಫೋನ್ ನಂಬರ್, ಒಂದು ಫಾರಂ, ಅಷ್ಟೇ. ಮಕ್ಕಳಿಗೆ ಒಂದು ಫಾರಂ, ವಯಸ್ಸಾದವರಿಗೆ ಇನ್ನೊಂದು, ಕುಡಿತದ ಸಮಸ್ಯೆ ಇದ್ದರೆ ಮತ್ತೊಂದು ಅಂತ ಇಟ್ಟರೆ, ಯಾವ ತಂಡಕ್ಕೆ ಕಳಿಸಬೇಕು ಅಂತ ತೀರ್ಮಾನಿಸುವ ಹೊರೆ ಕಳಿಸುವವರ ಮೇಲೆ ಬೀಳುತ್ತದೆ. ಅದು ನಿಮ್ಮ ಕೆಲಸ. ತಪ್ಪು ತಂಡಕ್ಕೆ ಬಂದ ರೆಫರಲ್ ಚೀಟಿಯನ್ನು ವಾಪಸ್ ಕಳಿಸಬೇಡಿ, ಒಳಗೇ ಸರಿಯಾದವರಿಗೆ ದಾಟಿಸಿ.

ಸ್ವತಃ ಬರುವವರಿಗೂ ಅದೇ ಬಾಗಿಲು ತೆರೆದಿರಲಿ. ಇಂಗ್ಲೆಂಡ್‌ನಲ್ಲಿ 2008ರಲ್ಲಿ ಶುರುವಾದ ಮಾತಿನ ಚಿಕಿತ್ಸೆಯ ಯೋಜನೆಯಲ್ಲಿ ವೈದ್ಯರ ಚೀಟಿ ಇಲ್ಲದೆಯೂ ಜನ ತಾವೇ ಹೆಸರು ಕೊಡಬಹುದು. ಚೀಟಿ ಕಡ್ಡಾಯ ಮಾಡಿದರೆ, ಪರಿಚಯದ ವೈದ್ಯರ ಹತ್ತಿರ ಹೇಳಿಕೊಳ್ಳೋಕೆ ನಾಚುವವರು ಹೊರಗೇ ಉಳಿಯುತ್ತಾರೆ.

ಫಾರಂ ಒಂದು ಪುಟ ದಾಟಬಾರದು. ಯಾರು, ಅವರನ್ನು ಸಂಪರ್ಕಿಸೋದು ಹೇಗೆ, ಯಾವ ಭಾಷೆಯಲ್ಲಿ ಮಾತಾಡಬೇಕು, ಏನಾಗುತ್ತಿದೆ, ಎಷ್ಟು ದಿನದಿಂದ, ಈಗ ಯಾವ ಮಾತ್ರೆ ತಗೊಳ್ಳುತ್ತಿದ್ದಾರೆ, ಜೀವಕ್ಕೆ ಅಪಾಯ ಇದೆಯಾ, ಮನೆಯಲ್ಲಿ ಅವರನ್ನೇ ನಂಬಿಕೊಂಡ ಮಕ್ಕಳೋ ಹಿರಿಯರೋ ಇದ್ದಾರಾ. ಜೊತೆಗೆ ಮರೆಯಬಾರದ ಒಂದು ಸಾಲು: ‘ನಿಮಗೆ ಏನು ಸಹಾಯ ಬೇಕು?’ ಇದನ್ನು ಅವರ ಮಾತಿನಲ್ಲೇ ಬರೆಯಿರಿ. ‘ರಾತ್ರಿ ನಿದ್ದೆ ಬಂದರೆ ಸಾಕು’ ಅಂದರೆ ಹಾಗೇ ಬರೆಯಿರಿ. ಫೋನ್ ಮಾಡಿದರೆ ಪರವಾಗಿಲ್ಲವಾ, ಮನೆಯವರು ಎತ್ತಿದರೆ ಏನು ಹೇಳಬೇಕು ಅಂತಲೂ ಕೇಳಿಕೊಳ್ಳಿ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದೆ ಸಹಾಯ ಕೇಳುವವರು ತುಂಬಾ ಜನ.

ಖಿನ್ನತೆ ಎಷ್ಟಿದೆ ಅಂತ ಅಳೆಯುವ ಪಿಎಚ್‌ಕ್ಯೂ-9 ಥರದ ಪ್ರಶ್ನಾವಳಿ ಬಳಸಿ, ಬೇಡ ಅನ್ನಲ್ಲ. ಕಳೆದ 2 ವಾರ ಹೇಗಿತ್ತು ಅಂತ 9 ಪ್ರಶ್ನೆ ಕೇಳುತ್ತದೆ, ಅಂಕ 0ಯಿಂದ 27ರವರೆಗೆ. ಆದರೆ ಅಂಕ ಕಡಿಮೆ ಬಂತು ಅಂತ ಬಾಗಿಲು ಹಾಕಬೇಡಿ. ಒಟ್ಟು ಅಂಕ ಎಷ್ಟೇ ಇರಲಿ, ಸಾಯುವ ಅಥವಾ ತಮಗೆ ತಾವೇ ಪೆಟ್ಟು ಮಾಡಿಕೊಳ್ಳುವ ಯೋಚನೆ ಬಗ್ಗೆ ಇರುವ 9ನೇ ಪ್ರಶ್ನೆಯನ್ನು ಬೇರೆಯಾಗಿ ನೋಡಲೇಬೇಕು. ‘ಇದೆ’ ಅನ್ನುವ ಉತ್ತರ ಬಂದರೆ ಅವತ್ತೇ ಕೂತು ಮಾತಾಡಿ. ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಅನ್ನುವ ಭಯ ಬೇಡ, ನೇರವಾಗಿ ಕೇಳಿ. ಜೀವಕ್ಕೆ ಈಗಲೇ ಅಪಾಯ ಇದ್ದರೆ ಫಾರಂ ಬದಿಗಿಡಿ, ಅವರನ್ನು ಒಬ್ಬರೇ ಬಿಡದೆ ತುರ್ತು ಸೇವೆಗೆ ಫೋನ್ ಮಾಡಿ. ಆ ನಂಬರ್ ಫಾರಂನ ತಲೆಯ ಮೇಲೇ ದೊಡ್ಡದಾಗಿ ಇರಲಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು, ಇದು ಕಳಿಸುವವರಿಗೆ. ಚೀಟಿ ಕೈಗೆ ಕೊಟ್ಟು ‘ಅಲ್ಲಿಗೆ ಹೋಗಿ’ ಅನ್ನಬೇಡಿ. ಅವರು ನಿಮ್ಮ ಎದುರಿಗೆ ಕೂತಿರುವಾಗಲೇ ಆ ಸೇವೆಗೆ ಫೋನ್ ಮಾಡಿ, ಹೆಸರು ಹೇಳಿ ಪರಿಚಯ ಮಾಡಿಸಿ, ಆಮೇಲೆ ಫೋನನ್ನು ಅವರ ಕೈಗೆ ಕೊಡಿ. 5 ನಿಮಿಷದ ಕೆಲಸ ಅಲ್ವಾ? ಆ ಕಡೆಯ ದನಿ ಒಮ್ಮೆ ಕೇಳಿಬಿಟ್ಟರೆ, ಅಲ್ಲಿ ನನ್ನನ್ನು ಕಾಯುವವರು ಒಬ್ಬರಿದ್ದಾರೆ ಅನ್ನುವ ಧೈರ್ಯ ಬರುತ್ತದೆ, ಇಲ್ಲದಿದ್ದರೆ ಮೊದಲ ದಿನ ಯಾವ ಬಾಗಿಲು, ಯಾರನ್ನು ಕೇಳಬೇಕು, ಪರಿಚಯದವರು ಯಾರಾದರೂ ನೋಡಿಬಿಟ್ಟರೆ ಅಂತ ಯೋಚಿಸುತ್ತಲೇ ದಿನ ಮುಂದೂಡುತ್ತಾರೆ. ಆದರೆ ಅವರ ಒಪ್ಪಿಗೆ ಕೇಳದೆ ಫೋನ್ ಮಾಡಬೇಡಿ. ಯಾವ ವಿಷಯ ಹೇಳಬಹುದು, ಯಾವುದು ಬೇಡ ಅಂತಲೂ ಕೇಳಿ.

ಸೇವೆ ನಡೆಸುವವರು ಚೀಟಿ ಬಂದ ಕೂಡಲೇ ‘ಸಿಕ್ಕಿದೆ’ ಅಂತ ಕಳಿಸಿದವರಿಗೂ ಬರಬೇಕಾದವರಿಗೂ ತಿಳಿಸಿ. ಕಾಯಬೇಕಾದರೆ ಎಷ್ಟು ದಿನ ಅಂತ ಸುಮ್ನೆ ತೇಲಿಸದೆ ಹೇಳಿ. ಕಾಯುವಾಗ ಪರಿಸ್ಥಿತಿ ಹದಗೆಟ್ಟರೆ ಯಾರಿಗೆ ಫೋನ್ ಮಾಡಬೇಕು ಅನ್ನೋದೂ ಅದೇ ಮೆಸೇಜಿನಲ್ಲಿ ಇರಲಿ. ತೆಗೆದುಕೊಳ್ಳೋಕೆ ಆಗಲ್ಲ ಅಂದರೆ ಕಾರಣ ಹೇಳಿ, ಬೇರೆ ಜಾಗಕ್ಕೆ ನೀವೇ ಜೋಡಿಸಿ. ಮೊದಲ ಭೇಟಿಗೆ ಬರಲಿಲ್ಲವಾ? ಫೈಲ್ ಮುಚ್ಚುವ ಮೊದಲು ಫೋನ್ ಮಾಡಿ, ಸಿಗದಿದ್ದರೆ ಕಳಿಸಿದವರನ್ನು ಕೇಳಿ.

ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗದಿದ್ದರೆ, ಹೋದ ತಿಂಗಳ 20 ಚೀಟಿ ತೆಗೆದು ಮೇಜಿನ ಮೇಲೆ ಹರಡಿ. ಚೀಟಿ ಬರೆದ ದಿನದಿಂದ ಯಾರಾದರೂ ಆ ವ್ಯಕ್ತಿಯ ಜೊತೆ ಮಾತಾಡಿದ ದಿನದವರೆಗೆ ಎಷ್ಟು ದಿನ ಹಿಡಿಯಿತು ಅಂತ ಪ್ರತಿಯೊಂದರ ಮೇಲೂ ಬರೆಯಿರಿ. ಅತಿ ಜಾಸ್ತಿ ದಿನ ಹಿಡಿದ ಚೀಟಿಯವರಿಗೆ ಇವತ್ತೇ ಫೋನ್ ಮಾಡಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಕೇಳಿ.